ಬಾರ್ಶಿ ಸಣ್ಣ ಗಾಡಿ ಹಳೇ ದಾರಿ ನೋಡಾಕ ಹೋಗೂದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ವಿಜಯಪುರದವ್ರು ನಾಕೈದು ಮಂದಿ ಅದೀವಿ, ರವಿವಾರ ಬಿಡುವು ಸಿಕ್ಕಾಗೆಲ್ಲ ಹಳೇ ರೈಲ್ವೆ ದಾರಿ ಹುಡುಕ್ಕೊಂತ ಹೋಗತೀವಿ, ಹೆಚ್ಚಾಗಿ ಬಾರ್ಶಿ ಲೈಟ್ ರೈಲ್ವೆದ ನ್ಯಾರೋ ಗೇಜ್ ದಾರಿಗೆ, ಗೇಜ್ ಅಂದ್ರ ಎರಡು ಹಳಿ ನಡುವಿನ ಅಂತರ, ನ್ಯಾರೋ ಅಂದ್ರ ಸಣ್ಣದು. ಫೋಟೋ ನೋಡಿದವ್ರು ಫೋನ್ ಮಾಡಿ ಕೇಳಿದ್ದ ಕೇಳತಾರ, ಎಲ್ಲಿ ಐತಿ, ಏನ್ ಉಳದೈತಿ, ಯಾರರೆ ಬೈತಾರೇನು, ಹಾವು ಇರ್ತಾವೇನು ಅಂತ. ಒಬ್ಬೊಬ್ಬರಿಗೆ ಹೇಳೂದ್ರಕಿಂತ ಒಂದ ಕಡೆ ಬರದಿಟ್ರ ಛಲೋ ಅನ್ಸಿ ಬರದೀನಿ. ಉದ್ದ ಆಗೇತಿ, ನಿಮಗ ಬೇಕಾದ ಪ್ರಶ್ನೆಕ್ಕ ಸೀದಾ ಹೋಗ್ರಿ.

ಇದು ಯಾವ ರೈಲ್ವೆ? ಎಲ್ಲಿಂದ ಎಲ್ಲಿ ತನಕ ಇತ್ತು?

ಮೊದಲ ಶುರು ಆಗಿದ್ದು ಕುರ್ಡುವಾಡಿಯಿಂದ ಬಾರ್ಶಿಗೆ, 1897ರಾಗ. ಎರಡೂ ಊರು ಸೊಲ್ಲಾಪುರ ಜಿಲ್ಲೆದಾಗ ಬರ್ತಾವು. ಮುಂಬೈ-ಸೊಲ್ಲಾಪುರ ದೊಡ್ಡ ಲೈನು ಬಾರ್ಶಿ ಊರನ್ನ ಮುಟ್ಟದ ಹಂಗ ಹೋಗಿತ್ತು, ಬಾರ್ಶಿ ನೋಡಿದ್ರ ಹತ್ತಿ, ಕಾಳುಕಡಿ ಪ್ಯಾಟಿ, ಮಾಲು ಎಲ್ಲಾ ಚಕ್ಕಡಿ ಮ್ಯಾಲೆ ಹೇರಿ ಕುರ್ಡುವಾಡಿಗೆ ತರಬೇಕಾಗ್ತಿತ್ತು. ಕುರ್ಡುವಾಡಿ ಸ್ಟೇಷನ್ನಿಗೆ ಆವಾಗ ಬಾರ್ಶಿ ರೋಡ್ ಅಂತನ ಹೆಸರು. ಆಮ್ಯಾಲೆ 1906ರಾಗ ಪಂಢರಪುರಕ್ಕ, 1911ರ ಹೊತ್ತಿಗೆ ಆ ಕಡೆ ಲಾತೂರಿಗೆ, ಕಡೀಕ 1927ರಾಗ ಪಂಢರಪುರದಿಂದ ಮಿರಜಕ್ಕ ಹಳಿ ಬಂತು. ಎಲ್ಲಾ ಕೂಡಿ ಸುಮಾರು 325 ಕಿಲೋಮೀಟರ್. ಹಳಿ ನಡುವಿನ ಅಂತರ 762 ಮಿಲಿಮೀಟರ್, ಅಂದ್ರ ಎರಡೂವರಿ ಫೂಟು.

ಇದನ್ನ ಕಟ್ಟಿದಾಂವ ಎವೆರಾರ್ಡ್ ಕ್ಯಾಲ್ತ್ರಾಪ್ ಅನ್ನೂ ಇಂಗ್ಲೆಂಡಿನ ಎಂಜಿನಿಯರ್. ಇಲ್ಲಿಯ ದೊಡ್ಡ ರೈಲ್ವೆ ಕಂಪನಿಯೊಳಗ ನೌಕರಿ ಮಾಡಿದಾಂವ, ನಮ್ಮ ಕಡೆ ನೆಲ, ಮಾಲು, ರೊಕ್ಕದ ಲೆಕ್ಕ ಎಲ್ಲಾ ಗೊತ್ತಿತ್ತು. ಅಂವನ ವಿಚಾರ ಏನಂದ್ರ, ಎಂಜಿನ್ ಇರ್ಲಿ ಡಬ್ಬಿ ಇರ್ಲಿ ಒಂದೊಂದು ಅಚ್ಚಿನ ಮ್ಯಾಲೆ 5 ಟನ್ನಕಿಂತ ಹೆಚ್ಚು ಭಾರ ಬೀಳಬಾರದು, ಭಾರ ಎಲ್ಲಾ ಅಚ್ಚಿಗೂ ಸಮ ಹಂಚಿ ಹೋಗಬೇಕು. ಹಂಗ ಮಾಡಿದ್ರ ಹಗುರ ಹಳಿ ಸಾಕು, ಪೂಲು ಸಣ್ಣದು ಸಾಕು, ಖರ್ಚು ಕಡಿಮಿ, ಆದ್ರ ಗಾಡಿ ಮಾತ್ರ ಉದ್ದದ್ದ ಓಡಸಬಹುದು. ಇದು ಬರೇ ಕಾಗದದ ಮ್ಯಾಲಿನ ಮಾತಲ್ಲ ಅಂತ ತೋರಸಾಕ ಇಂಗ್ಲೆಂಡಿನ ಲೀಡ್ಸ್ ಹತ್ರ ಹಳಿ ಹಾಕಿ ಗಾಡಿ ಓಡಿಸಿ ನೋಡಿದ. ಮುಂದ ಇದ ಮನಷ್ಯಾ ವಿಮಾನದ ಪೈಲಟ್‌ಗಳಿಗೆ ಪ್ಯಾರಾಶೂಟ್ ಮಾಡಿದ, ಅದು ಬ್ಯಾರೆ ಕಥಿ, ಆದ್ರ ಹಗುರ ಸಾಮಾನಿನಾಗ ಜೀವ ಕಾಯೂದು ಅನ್ನೂ ಒಂದ ಹುಚ್ಚು ಎರಡರಾಗೂ ಕಾಣ್ತೈತಿ ನನಗ.

1954ರಾಗ ಸರಕಾರ ಇದನ್ನ ಕಂಪನಿ ಕಡಿಂದ ಖರೀದಿ ಮಾಡ್ತು, ಸೆಂಟ್ರಲ್ ರೈಲ್ವೆದಾಗ ಕೂಡ್ತು. ಈ ಶತಮಾನದ ಮೊದಲ ಹತ್ತು ಹನ್ನೊಂದು ವರ್ಷದಾಗ ಒಂದೊಂದ ತುಂಡು ಬ್ರಾಡ್ ಗೇಜ್, ಅಂದ್ರ ಈಗಿನ ಅಗಲ ಹಳಿ, ಆಗ್ಕೊಂತ ಹೋತು, ಮಿರಜ-ಪಂಢರಪುರ ತುಂಡು ಕಡೀದು.

ನಮ್ಮ ವಿಜಯಪುರ-ಬಾಗಲಕೋಟಿ ಸಣ್ಣ ಗಾಡಿನೂ ನ್ಯಾರೋ ಗೇಜ್ ಇತ್ತಲ್ಲ?

ಇಲ್ರಿ. ಇದು ಎಲ್ಲಾರಿಗಿಂತ ಹೆಚ್ಚು ಬರೂ ಪ್ರಶ್ನೆ. ಗದಗ-ಬಾಗಲಕೋಟಿ-ವಿಜಯಪುರ-ಹೋಟಗಿ ಲೈನು ಆವಾಗ ಮೀಟರ್ ಗೇಜ್ ಇತ್ತು, 1000 ಮಿಲಿಮೀಟರ್. 1876-78ರ ದೊಡ್ಡ ಬರಗಾಲದಾಗ ನಮ್ಮ ಕಡೆ ಮಂದಿ ಹುಳದಂಗ ಸತ್ತ ಮ್ಯಾಲೆ, ಮತ್ತೊಮ್ಮೆ ಬರ ಬಿದ್ರ ಕಾಳು ಮುಟ್ಟಸಾಕ ದಾರಿ ಬೇಕಂತ ಸದರ್ನ್ ಮರಾಠಾ ರೈಲ್ವೆಯವ್ರು 1880ರ ದಶಕದಾಗ ಹಾಕಿದ ಲೈನು ಅದು. ಬ್ರಾಡ್ ಗೇಜ್ ಮುಂದ ಸಣ್ಣದು ಕಾಣ್ತಿತ್ತು, ಅದಕ್ಕ ಎಲ್ಲಾರೂ ಸಣ್ಣ ಗಾಡಿ ಅಂದ್ರು. ಬಾರ್ಶಿ ಗಾಡಿ ಅದರಕಿಂತನೂ ಸಣ್ಣದು.

ಲೆಕ್ಕ ನೆನಪ ಇಟ್ಕೊಳ್ಳಾಕ ನಾವು ಗೇಣಿನ ಲೆಕ್ಕ ಹೇಳತೀವಿ. ದೊಡ್ಡ ಮನಷ್ಯಾನ ಗೇಣು ಒಂಬತ್ತಿಂಚು ಹಿಡದ್ರ ನ್ಯಾರೋ ಗೇಜ್ ಮೂರು ಗೇಣಿನ ಮ್ಯಾಲೆ ನಾಕ ಬೆರಳು, ಮೀಟರ್ ಗೇಜ್ ನಾಕು ಗೇಣಿನ ಮ್ಯಾಲೆ ತುಸು, ಬ್ರಾಡ್ ಗೇಜ್ ಏಳು ಗೇಣು ದಾಟತೈತಿ. ಟೇಪ್ ಮರತ ಹೋದಾಗ ಇದ ಲೆಕ್ಕ ನಮಗ ಭಾಳ ಸಲ ಉಪಯೋಗ ಬಿದ್ದೈತಿ.

ಕರ್ನಾಟಕದಾಗೂ ಖರೇ ನ್ಯಾರೋ ಗೇಜ್ ಇದ್ವು, ಕೋಲಾರ-ಚಿಕ್ಕಬಳ್ಳಾಪುರ ಕಡೆ 762ದ್ದು, ತರೀಕೆರೆಯಿಂದ ನರಸಿಂಹರಾಜಪುರಕ್ಕ ಇನ್ನೂ ಸಣ್ಣ 610ರ ಟ್ರಾಮ್ ಲೈನು. ನಮಗ ಅವು ದೂರ, ಅದಕ್ಕ ಇಲ್ಲಿ ಅದರ ಬಗ್ಗೆ ಹೆಚ್ಚ ಬರಿಯಂಗಿಲ್ಲ.

ಮಹಾರಾಷ್ಟ್ರದ ರೈಲ್ವೆಗೂ ನಿಮಗೂ ಏನ್ ಸಂಬಂಧ?

ಪಾಂಡುರಂಗನ ಸಂಬಂಧ ರೀ. ನಮ್ಮ ಆಯಿ ಆಷಾಢ ಏಕಾದಶಿಗೆ ಪಂಢರಪುರಕ್ಕ ಹೋಗ್ತಿದ್ಲು, ಹಿಂದಿನ ದಿನ ವಿಜಯಪುರದಾಗ ಮೀಟರ್ ಗೇಜ್ ಗಾಡಿ ಹತ್ತೂದು, ಸೊಲ್ಲಾಪುರದಾಗ ಇಳದು ಬ್ರಾಡ್ ಗೇಜ್ ಹಿಡಿಯೂದು, ಕುರ್ಡುವಾಡಿಯಾಗ ಮತ್ತ ಇಳದು ನ್ಯಾರೋ ಗೇಜ್ ಗಾಡಿ. ಒಂದ ಯಾತ್ರಾದಾಗ ಮೂರು ಅಳತಿ ಹಳಿ. ಆಯಿಗೆ ಗೇಜು ಪೀಜು ಏನೂ ಗೊತ್ತಿರ್ಲಿಲ್ಲ, ಆಕಿ ಹೇಳ್ತಿದ್ದದ್ದು ನಡುವಿನ ಗಾಡಿ, ದೊಡ್ಡ ಗಾಡಿ, ಕೂಸಿನ ಗಾಡಿ ಅಂತ. ಕೂಸಿನ ಗಾಡಿಯಾಗ ಗದ್ದಲ ಎಷ್ಟಂದ್ರ ಬುತ್ತಿ ಗಂಟು ತೊಡಿ ಮ್ಯಾಲೆ ಇಟ್ಕೊಂಡ್ರ ಪಂಢರಪುರದ ತನಕ ಕೈ ಅಲಗಾಡಸಾಕ ಆಗ್ತಿರ್ಲಿಲ್ಲ ಅಂತಿದ್ಲು, ಎದುರಿನ ಸೀಟಿನವ್ರ ಮೊಣಕಾಲು ನಮ್ಮ ಮೊಣಕಾಲಿಗೆ ಹತ್ತತಿದ್ವು, ಆದ್ರೂ ಭಜನಿ ನಿಲ್ತಿರ್ಲಿಲ್ಲ ಅಂತ.

ಬೆಳಗಾವಿ, ಚಿಕ್ಕೋಡಿ, ರಾಯಬಾಗ ಕಡಿಯವ್ರಿಗೆ ಮಿರಜ ಹತ್ರ, ಅವರು ಅಲ್ಲಿ ಹತ್ತತಿದ್ರು. ಮಿರಜ ಸ್ಟೇಷನ್ನಿನ ಒಂದು ವಿಶೇಷ ಹೇಳಲೇಬೇಕು. ಪುಣೆ ಕಡಿಂದ 1971ರ ಹೊತ್ತಿಗೆ ಬ್ರಾಡ್ ಗೇಜ್ ಬಂತು, ಬೆಳಗಾವಿ-ಲೋಂಡಾ ಕಡಿದು 90ರ ದಶಕದ ತನಕ ಮೀಟರ್ ಗೇಜ್ ಉಳೀತು, ಪಂಢರಪುರದ್ದು ನ್ಯಾರೋ ಗೇಜ್ ಇದ್ದೇ ಇತ್ತು. ಹಿಂಗಾಗಿ ಇಪ್ಪತ್ತ ವರ್ಷದ ಮ್ಯಾಲೆ ಒಂದ ಊರಿನ ಸ್ಟೇಷನ್ನಿನಾಗ ಮೂರೂ ನಮೂನಿ ಗಾಡಿ ನಿಂತಿರ್ತಿದ್ವು. ಮಿರಜದಾಗ ಬೆಳೆದ ಹಿರಿಯರ ಹತ್ರ ಇದರ ಮಾತು ತಗದ್ರ ಅರ್ಧ ತಾಸು ಹೋಗೂದು ಗೊತ್ತಾಗಂಗಿಲ್ಲ.

ಎಲ್ಲಾ ಬ್ರಾಡ್ ಗೇಜ್ ಆಗೇತಿ ಅಂದ ಮ್ಯಾಲೆ ನೋಡಾಕ ಏನ್ ಉಳದೈತಿ?

ಛಲೋ ಪ್ರಶ್ನೆ, ನಾನೂ ಮೊದಲನೇ ಸಲ ಹೋಗುಮುಂದ ಇದನ್ನ ಕೇಳಿದ್ದೆ. ಬ್ರಾಡ್ ಗೇಜ್ ಮಾಡುವಾಗ ಹಳೇ ಏರಿ ಮ್ಯಾಲೆನ ಹೊಸ ಹಳಿ ಹಾಕಿದ್ದು ಖರೆ, ಆದ್ರ ಎಲ್ಲಾ ಕಡೆ ಅಲ್ಲ. ಸಣ್ಣ ಗಾಡಿ ಚೂಪ ತಿರುವಿನ್ಯಾಗ ತಿರಗತಿತ್ತು, ಕಡಿದಾದ ಏರು ಹತ್ತತಿತ್ತು, ದೊಡ್ಡ ಗಾಡಿಗೆ ಅದು ನಡಿಯಂಗಿಲ್ಲ. ಹಂಗಾಗಿ ತಿರುವು ಇದ್ದಲ್ಲೆಲ್ಲ ಹೊಸ ಹಳಿನ ಸೀದಾ ಮಾಡಿದ್ರು, ಹಳೇ ತಿರುವು ಬಿಲ್ಲಿನಂಗ ಮಗ್ಗಲಕ್ಕ ಬಿಟ್ಟು ಉಳೀತು. ಹಳ್ಳದ ಮ್ಯಾಲೆ ಹೊಸ ಪೂಲು ಬಾಜೂಕ ಕಟ್ಟಿದ್ರು, ಹಳೇ ಪೂಲಿನ ಕಲ್ಲಿನ ಕಾಲು ಅಲ್ಲೇ ನಿಂತಾವು. ಸ್ಟೇಷನ್ ಜಾಗಾ ಸರಿದಲ್ಲಿ ಹಳೇ ಕಟ್ಟಡ, ಗ್ಯಾಂಗ್‌ಮನ್ ಕ್ವಾರ್ಟರ್ಸು, ಬಾವಿ, ಎಂಜಿನ್ನಿಗೆ ನೀರು ಬಿಡೂ ಟಾಕಿಯ ಕಟ್ಟಿ, ಇಂಥವೆಲ್ಲಾ ಸಿಗ್ತಾವು.

ದೊಡ್ಡ ತುಂಡು ನೋಡಬೇಕಂದ್ರ ಧಾರಾಶಿವ ಕಡೆ ಹೋಗಬೇಕು. ಬ್ರಾಡ್ ಗೇಜ್ ಮಾಡುಮುಂದ ಲೈನನ್ನ ಧಾರಾಶಿವ ಊರಿಗೆ ಮುಟ್ಟೂವಂಗ ತಿರಗಿಸಿದ್ರು, ಹಂಗಾಗಿ ಯೆಡಶಿ ಕಡೆ ಬಾಲಾಘಾಟ್ ಗುಡ್ಡದಾಗ ಹಳೇ ದಾರಿ ಹಂಗ ಬಿಟ್ಟುಹೋತು. ನಮಗ ವಿಜಯಪುರದಿಂದ ಸೀದಾ 52ನೇ ನ್ಯಾಷನಲ್ ಹೈವೇ, ಸೊಲ್ಲಾಪುರ, ತುಳಜಾಪುರ, ಧಾರಾಶಿವ, ಯೆಡಶಿ, ಒಂದ ರೋಡು, ಹತ್ರ ಹತ್ರ 200 ಕಿಲೋಮೀಟರ್. ಬೆಳಿಗ್ಗೆ ಐದಕ್ಕ ಬಿಟ್ಟು ತುಳಜಾಪುರದಾಗ ಅಂಬಾಭವಾನಿಗೆ ಕೈ ಮುಗದು ಹೋದ್ರ ಬಿಸಲು ಏರೂದ್ರಾಗ ಮುಟ್ಟತೀರಿ. ಆದ್ರ ಅಲ್ಲಿ ರಾಮಲಿಂಗ ಘಾಟ್ ಅಭಯಾರಣ್ಯ ಐತಿ, ಅರಣ್ಯ ಇಲಾಖೆಯವ್ರನ್ನ ಕೇಳದ ಒಳಗ ಹೋಗಬ್ಯಾಡ್ರಿ.

ಒಂದ ದಿನದಾಗ ಹೋಗಿ ಬರಬೇಕು ಅನ್ನವ್ರಿಗೆ ಮಿರಜ-ಪಂಢರಪುರ ಲೈನಿನ ನಡುವಿನ ಊರು ಛಲೋ, ಕವಠೆ ಮಹಾಂಕಾಳ, ಢಾಲಗಾಂವ, ಜತ್ ರೋಡ್, ಸಾಂಗೋಲಾ ಈ ಸಾಲು. ಜತ್ ತಾಲೂಕಿನಾಗ ಭಾಳ ಮಂದಿ ಕನ್ನಡ ಮಾತಾಡ್ತಾರ, ನಿಮಗ ತ್ರಾಸ ಆಗಂಗಿಲ್ಲ. ಸಾಂಗೋಲಾ ದಾಟಿದ್ರ ಮರಾಠಿ ಬೇಕ.

ಹಳೇ ದಾರಿ ಎಲ್ಲಿ ಹಾದಿತ್ತು ಅಂತ ಮನ್ಯಾಗ ಕುಂತ ಹೆಂಗ ಹುಡಕೂದು?

ಮೂರು ಸಾಧನ ಸಾಕು. ಗೂಗಲ್ ಅರ್ಥ್‌ನಾಗ ಹಳೇ ವರ್ಷದ ಚಿತ್ರ ತೋರಸೂ ಸೌಲಭ್ಯ ಐತಿ, ಬ್ರಾಡ್ ಗೇಜ್ ಆಗೂದಕಿಂತ ಮೊದಲಿನ ವರ್ಷಕ್ಕ ಹಿಂದ ಸರಸ್ರಿ. ಇಸ್ರೋದ ಭುವನ್ ಅನ್ನೂ ನಕ್ಷೆ ವೆಬ್‌ಸೈಟ್ ಎರಡನೇದು. ಮೂರನೇದು ಹಳೇ ಟೋಪೋ ನಕ್ಷೆ, ಅಮೆರಿಕಾದ ಸೈನ್ಯದವ್ರು 1950ರ ದಶಕದಾಗ ಛಾಪಿಸಿದ ಭಾರತದ ನಕ್ಷೆ, ಒಂದಕ್ಕ ಎರಡೂವರಿ ಲಕ್ಷದ ಪ್ರಮಾಣದ್ದು, ನೆಟ್‌ನಾಗ ಪುಕ್ಕಟೆ ಸಿಗ್ತಾವು, ಅದ್ರಾಗ ಬಾರ್ಶಿ ಲೈನು ಸ್ಟೇಷನ್ ಹೆಸರಿನ ಸಮೇತ ಕಾಣ್ತೈತಿ. ಬ್ರಾಡ್ ಗೇಜಿಗೊಂದು ಗೆರಿ, ಉಳದ ಗೇಜಿಗೆ ಬ್ಯಾರೆ ಗೆರಿ ಇರ್ತಾವು, ನಕ್ಷೆ ಕೆಳಗಿನ ಗುರುತಿನ ಪಟ್ಟಿ ಮೊದಲು ಓದ್ಕೊಳ್ರಿ. ನಮ್ಮ ಸರ್ವೇ ಆಫ್ ಇಂಡಿಯಾದ ನಕ್ಷೆನೂ ಅವರ ವೆಬ್‌ಸೈಟಿನಾಗ ಇಳಿಸ್ಕೊಳ್ಳಾಕ ಬರ್ತಾವು.

ಉಪಗ್ರಹದ ಚಿತ್ರದಾಗ ಏನ್ ನೋಡಬೇಕಂದ್ರ, ಹೊಲದ ಬದುವು ಯಾವಾಗೂ ಸೊಟ್ಟ ಸೊಟ್ಟ ಇರ್ತಾವು, ರೈಲ್ವೆ ದಾರಿ ಮಾತ್ರ ದೂರದ ತನಕ ಸೀದಾ ಹೋಗಿ ನಯವಾಗಿ ತಿರಗತೈತಿ. ಎರಿ ಹೊಲದ ಕಪ್ಪಿನ ನಡುವ ಗರಸಿನ ಕೆಂಪು ಪಟ್ಟಿ ಕಂಡ್ರ ಅದು ಹಳೇ ಏರಿ ಇರೂ ಸಂಭವ ಹೆಚ್ಚು. ಬಳ್ಳಾರಿ ಜಾಲಿ ಗಿಡ ಸಾಲ ಹಿಡದ ಬೆಳದಿದ್ರಂತೂ ಹೋಗೇ ನೋಡ್ರಿ, ಯಾರೂ ಬಿತ್ತೂ ನೆಲದಾಗ ಜಾಲಿ ಬೆಳಿಯಾಕ ಬಿಡಂಗಿಲ್ಲ, ರೈಲ್ವೆ ಬಿಟ್ಟ ಜಾಗಾದಾಗನ ಅದು ಹಿಂಗ ಉದ್ದಕ ಹಬ್ಬೂದು.

ಒಂದು ಹಳಿ ಸಿಕ್ತು, ಅದು ನ್ಯಾರೋ ಗೇಜಿಂದ ಅಂತ ಹೆಂಗ ಗೊತ್ತಾಗ್ತೈತಿ?

ಇದು ನನಗ ಭಾಳ ಪ್ರೀತಿ ಪ್ರಶ್ನೆ. ಹಳಿ ಅಂದ್ರ ಬರೇ ಕಬ್ಬಿಣ ಅಲ್ಲ ರೀ, ಅದರ ಮ್ಯಾಲೆ ಅದರ ಹುಟ್ಟಿದ ದಿನ ಬರದಿರ್ತೈತಿ.

ಮೊದಲು ಎತ್ತರ ಅಳೀರಿ. ಬಾರ್ಶಿ ಲೈನಿಗೆ ಮೊದಲು ಹಾಕಿದ ಹಳಿ ಗಜಕ್ಕ 30 ಪೌಂಡಿನದು, ಅಂದ್ರ ಮೀಟರಿಗೆ 15 ಕಿಲೋ. ಈ ತೂಕದ ಹಳಿ ಬುಡದಿಂದ ತಲಿ ತನಕ ಮೂರು ಇಂಚಿನ ಆಸುಪಾಸು. ಈಗಿನ ಬ್ರಾಡ್ ಗೇಜಿನ 52 ಕಿಲೋ ಹಳಿ 156 ಮಿಲಿಮೀಟರ್, 60 ಕಿಲೋ ಹಳಿ 172 ಮಿಲಿಮೀಟರ್, ಹತ್ರ ಹತ್ರ ಇಮ್ಮಡಿ, ಇಲ್ಲಾ ಅದಕಿಂತ ಹೆಚ್ಚು. ಹಳೇದು ಕೈ ಮುಷ್ಟಿಯಾಗ ಹಿಡಿಯಾಕ ಬರ್ತೈತಿ, ಹೊಸದರ ಮ್ಯಾಲೆ ಹಸ್ತ ಇಟ್ರ ಕೆಳಗ ಇನ್ನೂ ಜಾಗಾ ಉಳೀತೈತಿ. 30 ಫೂಟಿನ ಒಂದು ಹಳೇ ಹಳಿ 136 ಕಿಲೋ, ನಾಕ ಮಂದಿ ಹೆಗಲಿಗೆ ಹೊತ್ಕೊಂಡು ಹೋಗೂವಂಥಾದ್ದು. ಮುಂದ ಭಾರದ ಹಳಿನೂ ಬಂದ್ವು, ಹಿಂಗಾಗಿ ಎತ್ತರ ಒಂದ ನೋಡಿ ತೀರ್ಪು ಕೊಡಬ್ಯಾಡ್ರಿ.

ಎರಡನೇದು ಹಳಿ ಹೊಟ್ಟಿ ಮ್ಯಾಲಿನ ಅಕ್ಷರ. ಹಳಿ ಬಿಸಿ ಇದ್ದಾಗ ರೋಲರಿನ್ಯಾಗ ಒತ್ತುಮುಂದನ ಕಾರಖಾನಿ ಹೆಸರು, ತೂಕ, ವರ್ಷ, ಕೆಲವೊಮ್ಮೆ ತಿಂಗಳೂ ಉಬ್ಬಿ ಬಂದಿರ್ತಾವು. ತುಕ್ಕು ಹಿಡದು ಓದಾಕ ಬರ್ಲಿಲ್ಲಂದ್ರ ಕೆರಿಯಾಕ ಹೋಗಬ್ಯಾಡ್ರಿ. ಶಾಲಿ ಚಾಕ್‌ಪೀಸನ್ನ ಅಡ್ಡ ಹಿಡದು ಹಗುರಕ ಉಜ್ಜರಿ, ಉಬ್ಬಿದ ಅಕ್ಷರಕ್ಕಷ್ಟ ಬಿಳಿ ಹತ್ತತೈತಿ. ಇಲ್ಲಾ ಸಂಜಿ ಮುಂದ ಟಾರ್ಚ್‌ನ್ನ ಹಳಿಗೆ ಹಚ್ಚಿ ಅಡ್ಡ ಬೆಳಕು ಬಿಡ್ರಿ, ನೆರಳಿನಾಗ ಅಕ್ಷರ ಎದ್ದು ನಿಲ್ತಾವು. ಒಂದ ಸಲ ಢಾಲಗಾಂವ ಆಚಿ ಒಬ್ಬರ ಹೊಲದ ಗೇಟಿನ ಕಂಬಕ್ಕ ಹಿಂಗ ಚಾಕ್ ಉಜ್ಜಿದಾಗ ಮೊದಲು ಒಂದು ಒಂಬತ್ತು ಕಾಣಸ್ತು, ಆಮ್ಯಾಲೆ ಅದರ ಮಗ್ಗಲಕ್ಕ ಎರಡು, ಆಮ್ಯಾಲೆ ಐದು. 1925. ಪಂಢರಪುರ-ಮಿರಜ ಹಳಿ ಚಾಲೂ ಆಗೂದಕ್ಕ ಎರಡ ವರ್ಷ ಮೊದಲಿಂದು. ಆ ಹೊಲದ ಯಜಮಾನ್ರು ಮೂವತ್ತ ವರ್ಷದಿಂದ ಆ ಕಂಬಕ್ಕ ಎತ್ತು ಕಟ್ಟಾಕ ಹತ್ಯಾರಂತ, ಬಾಗಿ ನೋಡಿ, ಅಕ್ಷರದ ಮ್ಯಾಲೆ ಬೆರಳಾಡಿಸಿ, ಮನಿಯವ್ರನ್ನೆಲ್ಲ ಕರದು ತೋರಿಸಿದ್ರು.

ಮೂರನೇದು ಸ್ಲೀಪರು, ಅಂದ್ರ ಹಳಿ ಕೆಳಗ ಅಡ್ಡ ಹಾಕೂ ತೊಲಿ. ಕಟಗಿದು ಸಿಕ್ರ ಉದ್ದ ಅಳೀರಿ, ನ್ಯಾರೋ ಗೇಜಿಂದು ಒಂದೂವರಿ ಮೀಟರ್, ಮೀಟರ್ ಗೇಜಿಂದು 1.8, ಬ್ರಾಡ್ ಗೇಜಿಂದು ಎರಡೂಮುಕ್ಕಾಲು. ಕಟಗಿ ಅರ್ಧ ಮುಕ್ಕಾಗಿದ್ರೂ ಮೊಳಿ ಹೊಡದ ತೂತಿನ ಅಂತರ ನೋಡಿದ್ರ ಗೇಜ್ ಲೆಕ್ಕ ಹಾಕಾಕ ಬರ್ತೈತಿ. ಗೇಜ್ ಅಳಿಯೂದು ಯಾವಾಗೂ ಹಳಿ ತಲಿಗಳ ಒಳಮಗ್ಗಲಿಂದ ಒಳಮಗ್ಗಲಿಗೆ, ನಡುವಿನಿಂದ ನಡುವಿಗೆ ಅಲ್ಲ, ಇದ ತಪ್ಪು ಭಾಳ ಮಂದಿ ಮಾಡ್ತಾರ.

ಒಂದ ಎಚ್ಚರಿಕಿ: ಕಂಬ ಆದ ಹಳಿ, ಮನಿ ತೊಲಿ ಆದ ಹಳಿ, ಬಾವಿ ಗಡಗಡಿಗೆ ಅಡ್ಡ ಹಾಕಿದ ಹಳಿ, ಇವು ಎಲ್ಲಿಂದಲೋ ಹರಾಜಿನಾಗ ಬಂದಿರಬಹುದು. ಹಳಿ ಸಿಕ್ಕಲ್ಲೆ ಲೈನು ಇತ್ತು ಅಂತ ಬರಕೋಬ್ಯಾಡ್ರಿ.

ಹಳಿನೂ ಇಲ್ಲ, ಬರೇ ಮಣ್ಣಿನ ಏರಿ ಐತಿ. ಅದು ರೈಲ್ವೆ ಏರಿನೋ ಕಾಲುವಿ ಏರಿನೋ?

ಖಡಿ ನೋಡ್ರಿ. ಏರಿ ಮ್ಯಾಲೆ ಒಂದ ಗೇಣು ಕೆದರಿದ್ರ ಮೂಲಿ ಇರೂ ಕರಿಕಲ್ಲಿನ ಖಡಿ ಒಂದ ಅಳತಿದ್ದು ಸಿಕ್ರ ರೈಲ್ವೆ. ಎಂಜಿನ್ನಿನ ಬೂದಿ, ಸುಟ್ಟ ಕಲ್ಲಿದ್ದಲಿನ ಹಗುರ ಉಂಡಿ ಸಿಕ್ರ ಅಲ್ಲಿ ಗಾಡಿ ನಿಂತ ಬೆಂಕಿ ತಗೀತಿದ್ರು ಅಂತ ತಿಳ್ಕೋರಿ, ಹಂಗಂದ್ರ ಸ್ಟೇಷನ್ ಹತ್ರ ಅದೀರಿ. ಏರಿ ಮ್ಯಾಲಿನ ಅಗಲ ನೋಡ್ರಿ, ಎರಡು ಚಕ್ಕಡಿ ಎದುರಾಬದುರು ದಾಟಲಾರದಷ್ಟು ಸಣ್ಣ ಇರ್ತೈತಿ ನ್ಯಾರೋ ಗೇಜಿಂದು. ಇಳುಕಲು ಹೆಂಗ ಹೋಗೇತಿ ಅದನ್ನೂ ನೋಡಬೇಕು, ಕಾಲುವಿ ಯಾವಾಗೂ ಒಂದ ದಿಕ್ಕಿಗೆ ಸಾವಕಾಶ ಇಳಕೊಂತ ಹೋಗತೈತಿ, ರೈಲ್ವೆ ಏರಿ ಏರತೈತಿ ಇಳೀತೈತಿ.

ಮೋರಿ ಸಿಕ್ರ ಕೆಳಗ ಇಳದು ನೋಡ್ರಿ, ನೀರು ಇಲ್ದಾಗ. ಸಣ್ಣ ಮೋರಿಗೂ ನಂಬರ್ ಕೊಟ್ಟಿರ್ತಾರ, ಅಂಚಿನ ಕಲ್ಲಿನ ಮ್ಯಾಲೆ ಅಥವಾ ಸಿಮೆಂಟಿನ ಮ್ಯಾಲೆ ಬಣ್ಣದಾಗ ಬರದಿದ್ದು ಮಾಸಿರ್ತೈತಿ. ಆ ನಂಬರ್ ಬರಕೊಂಡ್ರ ಮುಂದಿನ ಮೋರಿ ನಂಬರ್ ಜೋಡಿ ಹೊಂದಿಸಿ ನಡುವ ಎಷ್ಟು ಕಳದ್ಹೋಗ್ಯಾವು ಅಂತ ಹೇಳಬಹುದು. ಸೀಟಿ ಹೊಡಿ ಅನ್ನೂ ಫಲಕ, ಡಬ್ಲ್ಯೂ ಬಾರ್ ಎಲ್ ಅಂತ ಇಂಗ್ಲಿಷ್‌ನಾಗ, ಸಿ ಬಾರ್ ಫಾ ಅಂತ ಹಿಂದಿಯಾಗ ಇರೂದು, ಸಿಕ್ತಂದ್ರ ಹತ್ರದಾಗ ಗೇಟ್ ಇತ್ತು. ಏರು-ಇಳುಕಲಿನ ಫಲಕ, 1 ಅಡ್ಡಗೆರಿ 100 ಹಂಗ ಬರದಿರೂದು, ಅದಂತೂ ಬಂಗಾರ.

ಯಾವ ತಿಂಗಳು ಹೋಗೂದು ಛಲೋ?

ಡಿಸೆಂಬರ್ ಅರ್ಧದಿಂದ ಫೆಬ್ರುವರಿ. ಮಳಿಗಾಲದಾಗ ಎರಿ ಮಣ್ಣು ಬೂಟಿಗೆ ಎರಡೆರಡು ಕಿಲೋ ಅಂಟತೈತಿ, ಹುಲ್ಲಿನಾಗ ಏನೂ ಕಾಣಂಗಿಲ್ಲ. ಎಪ್ರಿಲ್-ಮೇದಾಗ ಎಲ್ಲಾ ಒಣಗಿ ಛಲೋ ಕಾಣ್ತೈತಿ ಆದ್ರ ಬಿಸಲು ಜೀವ ತಗೀತೈತಿ. ಆಷಾಢ, ಕಾರ್ತಿಕ ಏಕಾದಶಿ ಮುಂದ ಪಂಢರಪುರ ಕಡೆ ಹಳೇ ದಾರಿ ನೋಡಾಕ ಹೋಗಬ್ಯಾಡ್ರಿ, ದರ್ಶನಕ್ಕ ಹೋಗ್ರಿ.

ಪರ್ಮಿಶನ್ ಬೇಕೇನು?

ಜಾಗಾ ಯಾರದು ಅನ್ನೂದ್ರ ಮ್ಯಾಲೆ ಐತಿ. ಹಳಿ ಕಿತ್ತಿದ್ರೂ ಜಾಗಾ ಹೆಚ್ಚಾಗಿ ರೈಲ್ವೆದ್ದ ಇರ್ತೈತಿ. ಈಗ ಓಡೂ ಬ್ರಾಡ್ ಗೇಜ್ ಹಳಿ ಮ್ಯಾಲೆ ಕಾಲ ಇಡಲೇಬ್ಯಾಡ್ರಿ, ಹಳೇ ಪೂಲು ಛಲೋ ಕಾಣ್ತೈತಿ ಅಂತ ಹೊಸ ಪೂಲಿನ ಮ್ಯಾಲೆ ನಿಂತು ಫೋಟೋ ಹೊಡಿಯೂದು ಹುಚ್ಚತನ. 1989ರ ರೈಲ್ವೆ ಕಾಯ್ದೆ 147ನೇ ಕಲಮಿನ ಪ್ರಕಾರ ಅನುಮತಿ ಇಲ್ದ ರೈಲ್ವೆ ಜಾಗಾಕ್ಕ ಹೊಕ್ರ ಆರ ತಿಂಗಳ ತನಕ ಜೈಲು ಇಲ್ಲಾ ಸಾವಿರ ರೂಪಾಯಿ ತನಕ ದಂಡ, ಎರಡೂ ಆಗಬಹುದು. ದಂಡದಕಿಂತ ದೊಡ್ಡ ಮಾತು, ಈಗಿನ ಎಲೆಕ್ಟ್ರಿಕ್ ಗಾಡಿ ಸಪ್ಪಳ ಇಲ್ದ ಬರ್ತಾವು, ಗಾಳಿ ಎದುರಿಂದ ಬೀಸತಿದ್ರ ಬೆನ್ನ ಹಿಂದ ಬರೂ ತನಕ ಗೊತ್ತಾಗಂಗಿಲ್ಲ.

ನಾವು ಮಾಡೂದು ಇಷ್ಟ: ಹತ್ರದ ಸ್ಟೇಷನ್ನಿಗೆ ಹೋಗಿ ಸ್ಟೇಷನ್ ಮಾಸ್ತರ್‌ಗೆ ನಮಸ್ಕಾರ ಹೇಳಿ, ಯಾಕ ಬಂದೀವಿ ಅಂತ ಹೇಳಿ, ಎಲ್ಲಿ ಹೋಗಬಹುದು ಎಲ್ಲಿ ಬ್ಯಾಡ ಕೇಳೂದು. ಬ್ಯಾಡ ಅಂದಲ್ಲೆ ಹೋಗಂಗಿಲ್ಲ.

ಒಂದ ಮೊಳಿ ಅಷ್ಟ ನೆನಪಿಗೆ ಮನಿಗೆ ತರಬಹುದೇನ್ರಿ?

ಬ್ಯಾಡ್ರಿ. ಕಾನೂನಿನ ಮಾತು ಮೊದಲು ಹೇಳತೀನಿ, ರೈಲ್ವೆ ಸಾಮಾನು ಅಕ್ರಮವಾಗಿ ಇಟ್ಕೊಂಡ್ರ 1966ರ ಕಾಯ್ದೆ ಹತ್ತತೈತಿ, ಮೊದಲನೇ ಸಲಕ್ಕನ ಐದು ವರ್ಷದ ತನಕ ಶಿಕ್ಷಾ. ಮೊಳಿ ಸಣ್ಣದು ಅನ್ನೂ ರಿಯಾಯಿತಿ ಅದ್ರಾಗ ಇಲ್ಲ.

ಇನ್ನ ನನ್ನ ಮಾತು. ಕಾಲೇಜಿನಾಗ ಇದ್ದಾಗ ನಾನೂ ಒಂದು ಮೊಳಿ ಕಿತ್ಕೊಂಡ ಬಂದಿದ್ದೆ. ಮನ್ಯಾಗ ಕಿಡಕಿ ಮ್ಯಾಲೆ ಇಟ್ಟಿದ್ದೆ, ಯಾರರೆ ಬಂದ್ರ ತೋರಸ್ತಿದ್ದೆ. ಹತ್ತ ವರ್ಷ ಆದ ಮ್ಯಾಲೆ ಒಂದು ದಿನ ಅದನ್ನ ಕೈಯಾಗ ಹಿಡಕೊಂಡು, ಇದು ಯಾವ ಮೋರಿ ಹತ್ರದ್ದು, ಎಡಗಡೆ ಹಳಿಂದೋ ಬಲಗಡಿದೋ, ಕಟಗಿ ಸ್ಲೀಪರಿಂದಲ್ಲ ಅಂದ್ರ ಎಲ್ಲಿಂದು ಅಂತ ಯೋಚನಿ ಮಾಡಿದೆ, ಒಂದೂ ನೆನಪಿಗೆ ಬರ್ಲಿಲ್ಲ. ಸ್ಲೀಪರಿನಾಗ ಇದ್ದಾಗ ಅದು ಗೇಜ್ ಎಷ್ಟು ಅಂತ ಹೇಳ್ತಿತ್ತು, ತಿರುವಿನ ಮ್ಯಾಲೆ ಹಳಿಗೆ ಎಷ್ಟು ಒತ್ತು ಬೀಳ್ತಿತ್ತು ಅಂತ ಹೇಳ್ತಿತ್ತು, ನಾನು ಕಿತ್ತ ದಿನದಿಂದ ಅದು ಬರೇ ಕಬ್ಬಿಣ. ಅವತ್ತಿಂದ ನಮ್ಮ ಗುಂಪಿನಾಗ ಇದ ಒಂದು ಕಟ್ಟುನಿಟ್ಟು: ಎತ್ತಿ ನೋಡಿದ್ರೂ ಇದ್ದಲ್ಲೆ ಇಡಬೇಕು, ಯಾವ ದಿಕ್ಕಿಗೆ ತಲಿ ಇತ್ತೋ ಹಂಗ.

ಗುಜರಿಯವ್ರು ಹೊತ್ಕೊಂಡ ಹೋಗತಾರ, ನಾವು ತಂದ್ರ ಉಳೀತೈತಲ್ಲ ಅಂತ ಕೇಳತಾರ. ಹೌದು, ಹೊತ್ಕೊಂಡ ಹೋಗತಾರ, ಒಂದ ಊರಾಗ ಬ್ಯಾಸಗಿಗೆ ನೋಡಿದ್ದ ಸಿಗ್ನಲ್ ಕಂಬ ದೀಪಾವಳಿಗೆ ಹೋದಾಗ ಬುಡಾ ಕೊಯ್ದಿತ್ತು, ಕೊಯ್ದ ಜಾಗಾ ಇನ್ನೂ ಹೊಳೀತಿತ್ತು, ಆವತ್ತು ಊಟ ಸೇರ್ಲಿಲ್ಲ ನಮಗ. ಹಂಗಂತ ನಾವೂ ಅದನ್ನ ಮಾಡೂದಲ್ಲ. ಕದಿಯೂದು ಕಂಡ್ರ 139ಕ್ಕ ಫೋನ್ ಮಾಡ್ರಿ, ರೈಲ್ವೆ ಪೋಲೀಸರಿಗೆ ಮುಟ್ಟತೈತಿ.

ಹಾವು, ಹುಳ?

ಇರ್ತಾವು. ಖಡಿ ಸಂದಿ, ಮೋರಿ ಒಳಗ, ಬಿದ್ದ ಕಟಗಿ ಬುಡಕ ಕೊಳಕಮಂಡಲ ಇರೂದು ನಾವ ಎರಡ ಸಲ ನೋಡೀವಿ. ಕಾಲಿಗೆ ಪೂರ್ತಿ ಬೂಟು, ಕೈಯಾಗ ಬಡಗಿ, ಕೈ ಹಾಕೂ ಮೊದಲು ಬಡಗಿಯಿಂದ ತಟ್ಟೂದು. ಕಡದ್ರ ಕಟ್ಟೂದು ಕೊಯ್ಯೂದು ಏನೂ ಮಾಡದ, ಕಡದ ಕೈಕಾಲು ಅಲಗಾಡಸದ ದವಾಖಾನಿಗೆ ಒಯ್ಯಬೇಕು, 108ಕ್ಕ ಫೋನ್ ಹಚ್ಚಬೇಕು. ಮಂತ್ರ ಹಾಕಸಾಕ ಹೋಗಿ ತಾಸು ಕಳಿಬ್ಯಾಡ್ರಿ.

ನಮಗ ಹಾವಿನಕಿಂತ ಹೆಚ್ಚ ತ್ರಾಸ ಕೊಟ್ಟಿದ್ದು ಹೆಜ್ಜೇನು. ಎತ್ತರದ ಪೂಲಿನ ಕಮಾನಿನ ಕೆಳಗ ಗೂಡು ಇರ್ತಾವು, ಮೊದಲು ದೂರ ನಿಂತು ಮ್ಯಾಲೆ ನೋಡ್ರಿ. ಗೆಳ್ಯಾ ಒಬ್ಬಾಂವ ನೋಡದ ಹೋಗಿ ಮುಖಕ್ಕ ಒಂಬತ್ತು ಕಡಿಸಿಕೊಂಡು ಎರಡು ದಿನ ಕಣ್ಣು ತೆರೀಲಿಲ್ಲ. ಹಳೇ ಕ್ವಾರ್ಟರ್ಸಿನ ಮಾಳಗಿ ಮ್ಯಾಲೆ ಹತ್ತಬ್ಯಾಡ್ರಿ, ಮುಚ್ಚಿಗಿ ಇಲ್ದ ಬಾವಿ ಹುಲ್ಲಿನಾಗ ಕಾಣಂಗಿಲ್ಲ.

ಹೊಲದವ್ರು ಬೈತಾರೇನು? ಯಾರನ್ನ ಕೇಳಬೇಕು?

ಹೇಳದ ಹೋದ್ರ ಬೈತಾರ, ಬೈಬೇಕು ಕೂಡ. ಬದುವಿನ ಮ್ಯಾಲೆ ನಿಂತು ಕರೀರಿ, ರಾಮರಾಮ ಹೇಳ್ರಿ, ಯಾವ ಊರವ್ರು ಅಂತ ನೀವ ಮೊದಲು ಹೇಳ್ರಿ. ವಿಜಯಪುರದವ್ರು ಅಂದಕೂಡ್ಲೆ ಜತ್ ಕಡೆ ಅರ್ಧ ಮಂದಿಗೆ ಯಾರರೆ ಬೀಗರು ಸಿಕ್ಕ ಸಿಗ್ತಾರ. ಕೈಯಾಗ ಟೇಪು, ನಕ್ಷೆ ನೋಡಿದ್ರ ಸರಕಾರದವ್ರು ಭೂಮಿ ಅಳಿಯಾಕ ಬಂದಾರ ಅಂತ ಅಂಜತಾರ, ಅದಕ್ಕ ಮಾತು ಆಗೂ ತನಕ ಟೇಪು ಚೀಲದಾಗ ಇರ್ಲಿ.

ಆಮ್ಯಾಲೆ ಊರಾಗ ಹಳೇ ಗ್ಯಾಂಗ್‌ಮನ್, ಗೇಟ್‌ಮನ್, ಕೀಮನ್ ಯಾರರೆ ಅದಾರೇನು ಅಂತ ಕೇಳ್ರಿ. ಇದಕಿಂತ ದೊಡ್ಡ ನಕ್ಷೆ ಇಲ್ಲ. ಕೀಮನ್ ಅಂದ್ರ ದಿನಾ ತನ್ನ ಪಾಲಿನ ಹಳಿ ಮ್ಯಾಲೆ ನಡಕೊಂತ ಹೋಗಿ ಸಡಲಾದ ಚಾವಿ ಬಡದು ಬಿಗಿ ಮಾಡಾಂವ, ಅಂವಗ ಒಂದೊಂದು ಜೋಡು ಗೊತ್ತಿರ್ತೈತಿ. ನಾವು ಭೆಟ್ಟಿ ಆದ ಒಬ್ಬ ಮುತ್ಯಾ, ಎಂಬತ್ತು ದಾಟಿತ್ತು, ಕಣ್ಣು ಮಂಜ ಆಗಿತ್ತು, ಮೊಮ್ಮಗ ಕೈ ಹಿಡಕೊಂಡು ಏರಿ ಮ್ಯಾಲೆ ಕರಕೊಂಡ ಬಂದ. ನಾವು ಮೀಟರ್ ಟೇಪಿನಾಗ ಹುಡುಕಿ ಸಿಗಲಾರದ ಮೋರಿನ ಮುತ್ಯಾ ಹೆಜ್ಜಿ ಎಣಿಸಿ ಹುಡುಕಿ ಕೊಟ್ಟ. ಹೆಜ್ಜಿ ಇಡೂದೂ ಬ್ಯಾರೆ ನಮೂನಿ, ಸಣ್ಣ ಸಣ್ಣ, ಸ್ಲೀಪರಿನಿಂದ ಸ್ಲೀಪರಿಗೆ ಇಡೂ ಹೆಜ್ಜಿ, ಸ್ಲೀಪರ್ ಹೋಗಿ ಎಷ್ಟೋ ವರ್ಷ ಆಗಿದ್ವು ಆದ್ರೂ ಕಾಲಿಗೆ ಆ ಅಂತರ ಮರತಿರ್ಲಿಲ್ಲ. ಇಂಥವ್ರ ಮಾತನ್ನ ಕೇಳಿ ಅವರ ಒಪ್ಪಿಗಿ ತಗೊಂಡು ಫೋನಿನಾಗ ರೆಕಾರ್ಡ್ ಮಾಡ್ರಿ, ಮುಂದಿನ ವರ್ಷ ಮಾಡಿದ್ರಾತು ಅಂತ ಬಿಡಬ್ಯಾಡ್ರಿ. ನಾವು ಬಿಟ್ಟು ಇಬ್ಬರನ್ನ ಕಳಕೊಂಡೀವಿ.

ಫೋಟೋ ಹೆಂಗ ತಗೀಬೇಕು?

ಒಂದು ಹತ್ರದಿಂದ ಸ್ಕೇಲ್ ಇಟ್ಟು, ಒಂದು ದೂರದಿಂದ ಸುತ್ತಲಿಂದು ಕಾಣೂವಂಗ. ಫೋನಿನ ಲೊಕೇಶನ್ ಆನ್ ಇರ್ಲಿ. ದಿಕ್ಕು, ತಾರೀಖು, ಜೋಡಿ ಯಾರಿದ್ರು ಅಂತ ಅವತ್ತ ರಾತ್ರಿನ ವಹಿಯಾಗ ಬರದಿಡ್ರಿ. ಎಲ್ಲಾರಿಗೂ ಕಾಣೂವಂಗ ಹಾಕುಮುಂದ ಮಾತ್ರ ಸರಿಯಾದ ಲೊಕೇಶನ್ ತಗೀರಿ, ಗುಜರಿಯವ್ರೂ ಫೋನ್ ನೋಡ್ತಾರ.

ಆ ಗಾಡಿ, ಎಂಜಿನ್ ಈಗ ಎಲ್ಲರೆ ನೋಡಾಕ ಸಿಗ್ತಾವೇನು?

ಇದ ಅಳತಿ, 762ರ ಹಳಿ ಮ್ಯಾಲೆ ಗಾಡಿ ಓಡೂದು ನೋಡಬೇಕಂದ್ರ ಕಾಲ್ಕಾ-ಶಿಮ್ಲಾಕ್ಕ ಹೋಗಬೇಕು, 1903ರಿಂದ ಓಡಾಕ ಹತ್ತೇತಿ. ಹತ್ರದ್ದು ಅಂದ್ರ ನೇರಳ-ಮಾಥೇರಾನ, ಆದ್ರ ಅದು 610ರದ್ದು, ಇನ್ನೂ ಸಣ್ಣದು. ಮಕ್ಕಳಿಗೆ ಗೇಜು, ಸಿಗ್ನಲ್, ಟೋಕನ್ ಇವೆಲ್ಲ ಏನಂತ ತೋರಸಾಕ ಹುಬ್ಬಳ್ಳಿ ಸ್ಟೇಷನ್ ಹತ್ರದ ರೈಲ್ವೆ ಮ್ಯೂಸಿಯಂ ಛಲೋ, 2020ರಾಗ ಆಗಿದ್ದು, ನಮಗ ಅರ್ಧ ದಿನದ ಹಾದಿ.

ಮಕ್ಕಳನ್ನ ಕರಕೊಂಡ ಹೋಗಬಹುದಾ?

ಹತ್ತ ವರ್ಷ ದಾಟಿದ್ರ ಹೌದು, ಓಡೂ ಹಳಿ ಹತ್ರ ಇಲ್ದ ಜಾಗಾಕ್ಕ ಅಷ್ಟ. ಚಾಕ್‌ಪೀಸ್ ಕೆಲಸ ಅವರಿಗೆ ಕೊಡ್ರಿ, ದೊಡ್ಡವ್ರಕಿಂತ ಛಲೋ ಮಾಡ್ತಾರ. ಖಟಕ್ ರೊಟ್ಟಿ, ಶೇಂಗಾ ಚಟ್ನಿ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು.

ಈ ದಾರಿನ ನಡಿಯೂ ಹಾದಿ ಮಾಡಾಕ ಬರಂಗಿಲ್ಲೇನು?

ಬರ್ತೈತಿ, ಮಾಡಿದ ಉದಾಹರಣಿನೂ ಐತಿ, ಅದೂ ಇದ ಮನಷ್ಯಾನ ರೈಲ್ವೆದಾಗ. ಕ್ಯಾಲ್ತ್ರಾಪ್ ಬಾರ್ಶಿ ಅನುಭವದ ಮ್ಯಾಲೆ ಇಂಗ್ಲೆಂಡಿನಾಗ ಲೀಕ್ ಅಂಡ್ ಮ್ಯಾನಿಫೋಲ್ಡ್ ಅಂತ ಒಂದು ಲೈನು ಮಾಡಿದ, ಅದೂ ಎರಡೂವರಿ ಫೂಟಿಂದ, 1904ರಾಗ ಚಾಲೂ ಆಗಿ 1934ರಾಗ ಬಂದ್ ಆತು. ಹಳಿ ಕಿತ್ತರು, ಆದ್ರ ದಾರಿ ಬಿಡ್ಲಿಲ್ಲ, 1937ರಾಗ ಅದನ್ನ ನಡಿಯವ್ರಿಗೆ ಅಂತ ಹಾದಿ ಮಾಡಿದ್ರು, ಇವತ್ತಿಗೂ ಮಂದಿ ಅಡ್ಡಾಡತಾರ, ಸೈಕಲ್ ಹೊಡಿತಾರ. ಅದರ ಹಿರೇ ಅಕ್ಕ ನಮ್ಮ ಬಾರ್ಶಿ ಲೈನು.

ನಮ್ಮ ಕಡೆ ಪಂಢರಪುರಕ್ಕ ದಿಂಡಿ ಹೋಗೂ ಮಂದಿಗೆ ನಡಿಯಾಕ ಜಾಗಾ ಇಲ್ಲ, ಡಾಂಬರ್ ರೋಡಿನ ಅಂಚಿಗೆ ಲಾರಿ ಮಗ್ಗಲಕ್ಕ ನಡೀತಾರ. ಹಳೇ ಏರಿ ಬಿಟ್ಟ ತುಂಡು ತುಂಡು ಅದಾವು, ಎಲ್ಲಾ ಕೂಡಿಸಿದ್ರೂ ಪೂರ್ತಿ ದಾರಿ ಆಗಂಗಿಲ್ಲ ಅನ್ನೂದು ನನಗ ಗೊತ್ತೈತಿ. ಆದ್ರ ಒಂದ ತುಂಡಿಗೆ, ನೆರಳಿನ ಗಿಡ ಹಚ್ಚಿ, ಹಳೇ ಬಾವಿ ಹೂಳು ತಗದು, ಎಲ್ಲಿ ಏನಿತ್ತು ಅಂತ ನಾಕ ಫಲಕ ಹಾಕಿದ್ರ ಸಾಕು ಅನಸ್ತೈತಿ. ಆಯಿಯ ಕೂಸಿನ ಗಾಡಿ ಹೋದ ಏರಿ ಮ್ಯಾಲೆ ತಾಳ ಹಿಡಕೊಂಡು ನಡಕೊಂತ ಹೋಗೂ ಮಂದಿನ ಒಂದ ಸಲರೆ ನೋಡಬೇಕು ನಾನು. ನಾವು ಅಳದ ತುಂಡುಗಳ ನಕ್ಷೆ ತಯಾರ ಐತಿ, ಯಾವ ಊರಿನ ಪಂಚಾಯತಿಯವ್ರು ಕೇಳಿದ್ರೂ ಪುಕ್ಕಟೆ ಕೊಡತೀವಿ.